ಏನಾಗಿ ಬಂದೀರಿ?

ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷಕ್ಕೆ ವಕೀಲರ ಕನ್ನಡಕದ ಎಡಗಾಜು ಒಡೆಯಿತು. ಹೊತ್ತು ಇಷ್ಟು ಖಚಿತವಾಗಿ ನೆನಪಿರುವುದಕ್ಕೆ ಕಾರಣವಿದೆ. ಯಾದಗಿರಿ ಮುಟ್ಟಿದ ಭಾರತದ ಫೌಜು ನಾಲ್ಕರ ಸುಮಾರಿಗೆ ಶಹಾಪುರಕ್ಕೆ ಬರುತ್ತದೆ ಎಂಬ ಸುದ್ದಿ ಇತ್ತು. ಆ ಮಧ್ಯಾಹ್ನವೆಲ್ಲ ನಾನು ಕೈಗಡಿಯಾರ ನೋಡುವುದನ್ನೇ ಕೆಲಸ ಮಾಡಿಕೊಂಡಿದ್ದೆ. ಗಾಜು ಉದುರಲಿಲ್ಲ, ಜೇಡನ ಬಲೆಯ ಹಾಗೆ ಬಿರುಕು ಬಿಟ್ಟಿತು. ಅದರ ಹಿಂದೆ ಅವರ ಕಣ್ಣು ಏಳೆಂಟು ತುಂಡಾಗಿ ಕಂಡಿತು, ತುಂಡುಗಳೆಲ್ಲ ಒಟ್ಟಿಗೆ ರೆಪ್ಪೆ ಬಡಿದವು.

ಒಡೆದ ಆ ಗಾಜನ್ನೇ ಅವರು ಕೊನೆಯವರೆಗೂ ತೊಟ್ಟಿದ್ದರು ಎಂದು ಬರೆದರೆ ಓದಲು ಚೆನ್ನಾಗಿರುತ್ತದೆ. ಹಾಗೇನೂ ಆಗಲಿಲ್ಲ. ವಕೀಲರಿಗೆ ಓದು ಬೇಕಿತ್ತು. ರೈಲು ಮತ್ತೆ ಓಡತೊಡಗಿದ ಕೂಡಲೇ ಕಲಬುರಗಿಗೆ ಹೋಗಿ ಬೇರೆ ಗಾಜು ಹಾಕಿಸಿಕೊಂಡು ಬಂದರು. ಕಣ್ಣು ಮುಚ್ಚಿದರೆ ಇವತ್ತಿಗೂ ನನಗೆ ಕಾಣುವುದು ಮಾತ್ರ ಆ ಹಳೆಯ ಗಾಜು.

ಅವರು ನಮ್ಮ ಪಕ್ಕದ ಮನೆಯವರು. ಹುಟ್ಟಿದ್ದು ಸುರಪುರದಲ್ಲಿ, ವಕಾಲತ್ತು ಶಹಾಪುರದಲ್ಲಿ. ಕುಳ್ಳಗೆ, ಗಟ್ಟಿಯಾಗಿ, ಹುಗಿದ ಗೂಟದ ಹಾಗೆ ಇದ್ದರು. ಹೊರಗೆ ಹೊರಟರೆ ಮೊಳಕಾಲಿನವರೆಗಿನ ಕರಿ ಕೋಟು, ಕಂಕುಳಲ್ಲಿ ಕೆಂಪು ಬಟ್ಟೆಯಲ್ಲಿ ಸುತ್ತಿದ ಕಾನೂನು ಪುಸ್ತಕ. ಆಗಿನ ಕೋರ್ಟಿನ ಭಾಷೆ ಉರ್ದು. ಅಲ್ಲಿ ಅವರ ಉರ್ದು ಕೇಳಿದ ಮುನ್ಸೀಫರು ತಲೆದೂಗುತ್ತಿದ್ದರು. ಮನೆಗೆ ಬಂದ ಮೇಲೆ ಹೆಂಡತಿಯೊಡನೆ ಜಗಳಕ್ಕೆ ಮಾತ್ರ ಸುರಪುರದ ಕನ್ನಡ. "ಉರ್ದುದಾಗ ಜಗಳಾಡಿದ್ರ ಅಕೀ ಗೆಲ್ಲಾಂಗಿಲ್ಲ, ಕನ್ನಡದಾಗ ಆಡಿದ್ರ ನಾ ಗೆಲ್ಲಾಂಗಿಲ್ಲ. ಮನಿಯಾಗ ಗೆದ್ದು ಏನು ಮಾಡೋದದ?" ಎನ್ನುತ್ತಿದ್ದರು.

ಯಾರು ಬಾಗಿಲಿಗೆ ಬಂದರೂ ಅವರ ಮೊದಲ ಮಾತು ಒಂದೇ: "ಏನಾಗಿ ಬಂದೀರಿ?" ಎಂದರೆ ಯಾವ ಹಕ್ಕಿನಿಂದ, ಯಾವ ಪಾತ್ರದಲ್ಲಿ ಬಂದಿರಿ ಎಂದು. ಸ್ವಂತ ಬೀಗರು ಜಮೀನಿನ ವ್ಯಾಜ್ಯ ಹಿಡಿದುಕೊಂಡು ಬಂದಾಗಲೂ ಬಿಡಲಿಲ್ಲ. "ಏನಾಗಿ ಬಂದೀರಿ? ಬೀಗರಾಗಿ ಬಂದಿದ್ರ ಹೋಳಿಗಿ ಮಾಡಿಸ್ತೀನಿ. ಕಕ್ಷಿದಾರರಾಗಿ ಬಂದಿದ್ರ ಬರೇ ನೀರು ಸಿಗ್ತದ." ಬೀಗರು ಸ್ವಲ್ಪ ಯೋಚಿಸಿ, "ಇವತ್ತು ಬೀಗರು, ನಾಳಿ ಮುಂಜಾನಿ ಕಕ್ಷಿದಾರರು" ಎಂದರು. ವಕೀಲರು ಅದನ್ನು ಒಪ್ಪಿದರು. ಮನುಷ್ಯ ಯಾವ ಹೊತ್ತಿನಲ್ಲಿ ಏನಾಗಿ ನಿಂತಿದ್ದಾನೆ ಎಂದು ಗೊತ್ತಾಗದೆ ಅವನ ಬಗ್ಗೆ ನ್ಯಾಯ ಹೇಳಲಾಗುವುದಿಲ್ಲ ಎಂಬುದು ಅವರ ನಂಬಿಕೆ.

ಅವರಿಗೆ ಸರಿಬಾರದ ಒಂದೇ ನ್ಯಾಯಪೀಠ ಕುರುಬರ ಕಂಬಳಿ. ನಮ್ಮ ಕಡೆ ಕುರಿಗಾರರು ತಮ್ಮೊಳಗಿನ ಜಗಳಕ್ಕೆ ಕರಿ ಕಂಬಳಿ ಹಾಸಿ, ಚಪ್ಪಲಿ ಬಿಟ್ಟು ಅದರ ಮೇಲೆ ಕೂತು, ಭಂಡಾರ, ಅಂದರೆ ದೇವರ ಅರಿಶಿನ, ಅಂಗೈಯಲ್ಲಿ ಹಿಡಿದು ಮಾತಾಡುತ್ತಾರೆ. ಕಂಬಳಿಯ ಮೇಲೆ ಸುಳ್ಳಾಡುವಂತಿಲ್ಲ, ಕೈ ಎತ್ತುವಂತಿಲ್ಲ. ಅಲ್ಲಿ ಆಡಿದ ಮಾತನ್ನು ಹೊರಗೆ ಒಯ್ದು ಯಾರ ಮೇಲೂ ಹೂಡುವಂತಿಲ್ಲ. ಬಳಿಚಕ್ರದ ಅಣ್ಣತಮ್ಮಂದಿರಿಬ್ಬರು ಒಂದು ಹಿಂಡಿನ ಸಲುವಾಗಿ ಕೋರ್ಟು ಹತ್ತಿದ್ದರು. ವಕೀಲರು ವಾದ ಸಿದ್ಧ ಮಾಡಿಕೊಂಡು ಹೋದರೆ, ಕಕ್ಷಿದಾರರಿಬ್ಬರೂ ಕೋರ್ಟಿನ ಬೇವಿನ ಮರದ ಕೆಳಗೇ ಕಂಬಳಿ ಹಾಸಿ ಕೂತು ರಾಜಿಯಾಗಿ, ಎಲೆಯಡಿಕೆ ಹಾಕುತ್ತಿದ್ದರು. ಮನೆಗೆ ಬಂದು, "ನನ್ನ ವಾದನೆಲ್ಲಾ ಕುರಿ ಮೇದು ಹೋದ್ವು" ಎಂದು ನಕ್ಕರು. ನಕ್ಕರೂ ಒಳಗೆ ಮುನಿಸಿತ್ತು. "ಗವಾಹಿ-ಸಾಕ್ಷಿ ಇಲ್ಲ, ದಫ್ತರ ಇಲ್ಲ, ಅಪೀಲಿಲ್ಲ. ಅದ್ಯಾವ ಕಾನೂನೋ?"

ದೇಶಕ್ಕೆ ಸ್ವಾತಂತ್ರ್ಯ ಬಂದು, ಹೈದರಾಬಾದ್ ಸಂಸ್ಥಾನ ಮಾತ್ರ ಸೇರದೆ ಉಳಿದ ಆ ವರ್ಷ ನಾನು ಕಲಬುರಗಿಯಲ್ಲಿ ಕಾಲೇಜು ಓದುತ್ತಿದ್ದೆ. ಗಲಭೆ ಹೆಚ್ಚಾಗಿ ಕಾಲೇಜು ಮುಚ್ಚಿದ್ದರಿಂದ ಊರಿಗೆ ಬಂದು, ಹೊತ್ತು ಹೋಗದೆ ವಕೀಲರ ಕಾಗದಪತ್ರ ನಕಲು ಮಾಡಿಕೊಡುತ್ತಿದ್ದೆ. ಆಗ ಊರೂರಲ್ಲಿ ಖಾಕಿ ತೊಟ್ಟ ದಳ ಹುಟ್ಟಿತ್ತು. ಸಂಸ್ಥಾನ ಉಳಿಸುತ್ತೇವೆ ಎಂದು ಬಂದೂಕು ಹಿಡಿದವರು. ಅವರು ಪೊಲೀಸರಲ್ಲ, ಫೌಜಲ್ಲ, ಆದರೆ ಪೊಲೀಸರೂ ಫೌಜೂ ಅವರಿಗೆ ದಾರಿ ಬಿಡುತ್ತಿದ್ದರು. ಗಡಿಯಾಚೆ ಇನ್ನೊಂದು ಬಗೆಯವರು. ಸಂಸ್ಥಾನ ಬೀಳಿಸುತ್ತೇವೆ ಎಂದು ಶಿಬಿರ ಹಾಕಿಕೊಂಡ ನಮ್ಮದೇ ಹಳ್ಳಿಗಳ ಹುಡುಗರು. ಒಳಗೆ ನುಗ್ಗಿ ಸುಂಕದ ಕಟ್ಟೆ ಸುಟ್ಟು ಮತ್ತೆ ಗಡಿ ದಾಟುತ್ತಿದ್ದರು. ನಡುವೆ ನಾವು.

ಊರವರಿಗೆ ಯಾವ ಹೊತ್ತಿಗೆ ಯಾರು ಬರುತ್ತಾರೆ ಎಂಬ ಚಿಂತೆ. ವಕೀಲರಿಗೆ ಬೇರೆ ಚಿಂತೆ. "ಇವರು ಏನು? ಖಾಕಿಯವರು ಏನು, ಗಡಿಯವರು ಏನು? ಕಳ್ಳರಂದ್ರ ಕಳ್ಳರ ಕಾನೂನದ. ಫೌಜಂದ್ರ ಫೌಜಿನ ಕಾನೂನದ. ಎರಡೂ ಅಲ್ದವರು ನಾಳಿ ಕೈಗೆ ಸಿಕ್ರ ಏನು ಮಾಡ್ತೀರಿ? ಹೆಸರಿಲ್ದವರನ್ನ ಯಾರು ಬೇಕಾದ್ರೂ ಹೊಡೀತಾರ. ಹೆಸರಿಲ್ದವರು ಯಾರನ್ನ ಬೇಕಾದ್ರೂ ಹೊಡೀತಾರ." ಇದನ್ನೇ ಠಾಣೆಯ ಅಮೀನ ಸಾಹೇಬರಿಗೂ ಹೇಳಿದರು. ಅಮೀನರು ಸುತ್ತ ನೋಡಿ, "ವಕೀಲ್ ಸಾಬ್, ನೀವು ಅವರಿಗೆ ಹೆಸರು ಹುಡುಕಾಕ ಹೋಗಬ್ಯಾಡ್ರಿ. ಅವರು ನಿಮ್ಮ ಹೆಸರು ಹುಡುಕ್ಯಾರು" ಎಂದು ಮೆಲ್ಲಗೆ ಹೇಳಿ ಕಳಿಸಿದರು.

ಹುಡುಕಿಕೊಂಡು ಬಂದೇ ಬಂದರು. ಒಂದು ಮುಂಜಾನೆ ದಳದ ಕಪ್ತಾನ ಎಂಟು ಹತ್ತು ಜನರೊಡನೆ ಅಂಗಳದಲ್ಲಿ ನಿಂತಿದ್ದ. ವಕೀಲರು ಬಾಯಲ್ಲಿದ್ದ ತಂಬಾಕು ಉಗುಳಿ ಬಂದು ಕೇಳಿದರು.

"ಏನಾಗಿ ಬಂದೀರಿ?"

"ಮತಲಬ್?"

"ಪೊಲೀಸರಾಗಿ ಬಂದಿದ್ರ ವಾರಂಟ್ ತೋರಸ್ರಿ. ಫೌಜಾಗಿ ಬಂದಿದ್ರ ಹುಕುಂ ತೋರಸ್ರಿ. ಎರಡೂ ಇಲ್ಲಂದ್ರ ಅತಿಥಿಗಳು, ಕೂಡ್ರಿ, ಚಾ ಕುಡೀರಿ."

ಕಪ್ತಾನ ಜೋರಾಗಿ ನಕ್ಕ, ಜಗಲಿಯ ಮೇಲೆ ಕೂತ. ಎಲ್ಲರೂ ಚಹಾ ಕುಡಿದರು. ಹೋಗುವಾಗ ವಕೀಲರ ಟಾಂಗಾ ಕುದುರೆ ಸಮೇತ ಹೊಡೆದುಕೊಂಡು ಹೋದರು. "ಅತಿಥಿಗಳು ಇಷ್ಟು ದೊಡ್ಡದು ಒಯ್ಯೂದಿಲ್ಲಪ" ಎಂದು ವಕೀಲರು ಖಾಲಿ ಗೂಟ ನೋಡುತ್ತ ನಿಂತರು.

ಆ ಗುಂಪಿನ ಕಡೆಯಲ್ಲಿ, ಬಂದೂಕು ಹೇಗೆ ಹಿಡಿಯಬೇಕೆಂದು ಇನ್ನೂ ಗೊತ್ತಿಲ್ಲದವನ ಹಾಗೆ ನಿಂತಿದ್ದವನು ನಮ್ಮ ಓಣಿಯ ದರ್ಜಿಯ ಮಗ. ನನಗಿಂತ ಸ್ವಲ್ಪ ಚಿಕ್ಕವನು. ಖಾಕಿ ಅಂಗಿ ಹೆಗಲ ಮೇಲೆ ಸಡಿಲವಾಗಿತ್ತು. ವಕೀಲರು ಅವನನ್ನು ಗುರುತಿಸಿ, "ಏನೋ, ನಿಮ್ಮಪ್ಪ ಹೊಲದಾನೇನು ಇದು?" ಎಂದರು. ಅವನು ನಾಚಿ ತಲೆ ತಗ್ಗಿಸಿದ. ಅಪ್ಪನ ಅಂಗಡಿಯಲ್ಲಿ ಕಾಜ ಹೊಲಿದು ಬೇಸರ ಬಂದಿತ್ತು, ಕಪ್ತಾನ ಕೈಗೆ ಬಂದೂಕು ಕೊಟ್ಟ, ಹೋದ. ಅಷ್ಟೇ ಅವನ ಕಥೆ. ಅವನು ಏನೂ ಅರಿಯದವನಾಗಿದ್ದ ಎಂದು ನಾನು ಹೇಳಲಾರೆ. ದೋರನಹಳ್ಳಿಯ ಕಡೆ ದಳದವರು ಬಣವೆಗಳಿಗೆ ಬೆಂಕಿ ಹಚ್ಚಿ, ಅಡ್ಡ ಬಂದವರನ್ನು ಹೊಡೆದು ಕೊಂದ ದಿನ ಅವನೂ ಜೊತೆಗಿದ್ದ ಎನ್ನುತ್ತಿದ್ದರು. ಏನು ಮಾಡಿದ, ಏನು ಮಾಡಲಿಲ್ಲ, ನೋಡಿದವರು ಯಾರೂ ನನಗೆ ಸಿಗಲಿಲ್ಲ.

ಭಾದ್ರಪದದಲ್ಲಿ ಭಾರತದ ಫೌಜು ಬಂತು. ನಾಲ್ಕೈದು ದಿನದಲ್ಲಿ ಸಂಸ್ಥಾನ ಶರಣಾಯಿತು ಎಂದು ರೇಡಿಯೋ ಹೇಳಿತು. ಕಪ್ತಾನ ನಮ್ಮ ವಕೀಲರ ಟಾಂಗಾದಲ್ಲೇ ಊರು ಬಿಟ್ಟು ಓಡಿದ. ದಳದ ಹುಡುಗರು ದಿಕ್ಕಿಗೊಬ್ಬರಾದರು. ಅದರ ಮರುದಿನ ಮುಂಜಾನೆ ದರ್ಜಿ ಮಗನನ್ನು ಕರೆದುಕೊಂಡು ವಕೀಲರ ಹಿತ್ತಲ ಬಾಗಿಲಿಗೆ ಬಂದ. ನಾನು ಅಲ್ಲೇ ಇದ್ದೆ. ಮಗನ ಮೈಮೇಲೆ ಖಾಕಿ ಹಾಗೇ ಇತ್ತು, ಹೆಗಲಲ್ಲಿ ಬಂದೂಕು.

"ಸಾಬ್, ಈ ಬಟ್ಟಿ ಒಲ್ಯಾಗ ಹಾಕ್ತೀನಿ. ಬಂದೂಕು ಬಾವ್ಯಾಗ ಒಗೀತೀನಿ. ಮಗ ಮಿಷನ್ ಮುಂದ ಕೂಡ್ತಾನ. ಯಾರು ಕೇಳ್ತಾರ?"

ವಕೀಲರು ಅವನನ್ನು ಕೂರಿಸಿ ಸಮಾಧಾನವಾಗಿ ಹೇಳಿದರು. "ಕೇಳ್ತಾರ. ಊರೆಲ್ಲಾ ನೋಡ್ಯಾದ ಇವನನ್ನ. ಬಟ್ಟಿ ಸುಟ್ರ ಇವ ಕದ್ದು ಬಂದೂಕು ಹಿಡದ ದರೋಡೆಕೋರ ಆಗ್ತಾನ, ಗಲ್ಲು. ಬಟ್ಟಿ ತೊಟ್ಟು, ಬಂದೂಕು ಒಪ್ಪಿಸಿ, ಫೌಜಿನ ಮುಂದ ನಿಂತ್ರ ಕೈದಿ. ಲಡಾಯಿ ಕೈದಿಗೆ ಯಾರೂ ಹೊಡಿಯಾಂಗಿಲ್ಲ. ದೇಶದೇಶದವರು ಕೂತು ಮಾಡಿದ ಕಾನೂನದ ಅದು. ಆ ಬಟ್ಟೀನೇ ಇವನಿಗೆ ಈಗ ವಕೀಲ."

"ಖರೇನ್ರಿ?"

"ನಾನs ಜೋಡಿ ಬರ್ತೀನಿ."

ಮಗ ಅಪ್ಪನ ಮುಖ ನೋಡಿದ. ಅಪ್ಪ ವಕೀಲರ ಮುಖ ನೋಡಿದ. ನಮ್ಮ ಊರಲ್ಲಿ ಆ ಮುಖ ಹೇಳಿದ್ದನ್ನು ಯಾರೂ ಎರಡನೆಯ ಸಲ ಕೇಳುತ್ತಿರಲಿಲ್ಲ. ದರ್ಜಿ ಹೆಗಲ ವಸ್ತ್ರದಿಂದ ಮಗನ ಅಂಗಿಯ ಧೂಳು ಒರೆಸಿ, ಮೇಲಿನ ಗುಂಡಿ ಹಾಕಿದ.

ಮಧ್ಯಾಹ್ನ ಊಟವಾದ ಮೇಲೆ ನಾಲ್ವರೂ ತಹಸೀಲು ಕಚೇರಿಗೆ ಹೊರಟೆವು. ಫೌಜು ಅಲ್ಲಿಗೇ ಬರುವುದಿತ್ತು. ಬಿಳಿ ಧೋತರದ ತುಂಡು ಕಟ್ಟಿದ ಕೋಲು ನನ್ನ ಕೈಯಲ್ಲಿ. ವಕೀಲರು ಬಂದೂಕಿನ ಗುಂಡು ತೆಗೆಸಿ, ಅದನ್ನು ತಲೆಕೆಳಗಾಗಿ, ಮಳೆಗಾಲದ ಕೊಡೆಯಂತೆ ಹಿಡಿದಿದ್ದರು. ಕೆರೆಯ ಏರಿಯ ಮೇಲೆ ಬಂದಾಗ ದರ್ಜಿಯ ಮಗ ನನಗೆ, "ಕಾಲೇಜು ಚಾಲೂ ಆದ್ರ ನೀ ಹೋಗ್ತೀಯೇನು?" ಎಂದು ಕೇಳಿದ. ಹೂಂ ಎಂದೆ. ಎದುರಿಗೆ ಗುಡ್ಡ. ಈಗ ಅದನ್ನು ಬುದ್ಧ ಮಲಗಿದ್ದಾನೆ ಎಂದು ನೋಡಲು ಬರುತ್ತಾರೆ. ಆಗ ನಮಗದು ಬರೀ ಗುಡ್ಡ.

ಏರಿಯ ಆ ತುದಿಯಿಂದ ಬಂದೂಕು ಹಿಡಿದ ಐದಾರು ಜನ ಬರುತ್ತಿದ್ದರು. ಫೌಜಿನವರಲ್ಲ. ಒಬ್ಬನ ಹೆಗಲ ಮೇಲೆ ಕರಿ ಕಂಬಳಿ ಇತ್ತು. ಗಡಿ ಶಿಬಿರದವರು, ಫೌಜಿಗಿಂತ ಮೊದಲೇ ಊರು ಮುಟ್ಟಿದ್ದರು. ಕಂಬಳಿಯವನೇ ಅವರ ಮುಂದಾಳು, ದೋರನಹಳ್ಳಿ ಕಡೆಯ ಕುರಿಗಾರರ ಹುಡುಗ. ಬಣವೆ ಸುಟ್ಟ ದಿನ ದಳದವರು ಹೊಡೆದು ಕೊಂದದ್ದು ಅವನ ಅಣ್ಣನನ್ನು ಎಂದು ನಮಗೆ ಆಮೇಲೆ ತಿಳಿಯಿತು. ಅವನಿಗೆ ಕಂಡದ್ದು ಬಿಳಿ ಬಟ್ಟೆಯಲ್ಲ, ಖಾಕಿ.

"ಸರೀರಿ ವಕೀಲ್ರ" ಎಂದ.

ವಕೀಲರು ಸರಿಯಲಿಲ್ಲ. ಕೇಳಿದರು. "ಏನಾಗಿ ಬಂದೀರಿ?"

"ಏನು?"

"ಇವ ಬಂದೂಕು ಒಪ್ಪಿಸ್ಯಾನ, ನೋಡು, ನನ್ನ ಕೈಯಾಗದ. ಇವ ಕೈದಿ. ನೀವು ಸರಕಾರ ಆಗಿದ್ರ ಇವನನ್ನ ಕರಕೊಂಡು ಕಚೇರಿಗೆ ನಡೀರಿ. ಸರಕಾರ ಅಲ್ಲಂದ್ರ ಮುಟ್ಟಬ್ಯಾಡ್ರಿ."

"ನಮ್ಮವರಾಗಿ ಅವನ ಮುಂದ ನಿಂದರ್ತೀರಲ್ರಿ! ಕೈದಿ ಅಂತ. ನಮ್ಮಣ್ಣನ್ನ ಹೊಡದಾಗ ಯಾವ ಕೈದಿ ಇದ್ದ ಅವ?"

"ಅದನ್ನ ಕೇಳಾಕ ಕೋರ್ಟದಪ. ನಾನs ಕೇಳ್ತೀನಿ, ನಿನ್ನ ಪರವಾಗಿ..."

ಇನ್ನೊಬ್ಬ ಬಂದೂಕಿನ ಹಿಂಭಾಗದಿಂದ ಅವರ ಮುಖಕ್ಕೆ ತಿವಿದ. ಆಗ ಹೊತ್ತು ಮೂರೂ ಹತ್ತು. ವಕೀಲರು ಏರಿಯ ಕಲ್ಲಿನ ಮೇಲೆ ಕೂತುಬಿಟ್ಟರು. ದರ್ಜಿ ಕೈಜೋಡಿಸಿ ಏನೇನೋ ಅನ್ನುತ್ತಿದ್ದ, ಅರ್ಧ ಕನ್ನಡ, ಅರ್ಧ ಮನೆಯ ಉರ್ದು. ಯಾರೋ ನನ್ನ ಎದೆಗೆ ಬಂದೂಕಿನ ಬಾಯಿ ಇಟ್ಟಿದ್ದರು. ಅದರ ತಣ್ಣನೆಯ ಉಂಗುರ ಅಂಗಿಯ ಮೂಲಕವೂ ತಿಳಿಯುತ್ತಿತ್ತು. ಮಗನನ್ನು ಏರಿಯ ಕೆಳಗಿದ್ದ ಹತ್ತಿ ಗಿರಣಿಯ ಗೋಡೆಯ ಹಿಂದೆ ಕರೆದೊಯ್ದರು. ಅವನು ಹೋಗುವಾಗ ತಿರುಗಿ ನೋಡಿದ್ದು ಅಪ್ಪನನ್ನಲ್ಲ, ವಕೀಲರನ್ನು.

ಗೋಡೆಯ ಹಿಂದಿನಿಂದ ಬಂದ ಸದ್ದು ಒಂದೇ. ಅದಕ್ಕೆ ಕೆರೆಯ ಕೊಕ್ಕರೆಗಳೆಲ್ಲ ಎದ್ದು, ಒಂದು ಸುತ್ತು ಹಾಕಿ, ಮತ್ತೆ ಅಲ್ಲೇ ಕೂತವು.

ಭೀಮೆ ತುಂಬಿದ್ದರಿಂದ ಫೌಜಿನ ಲಾರಿಗಳು ತಡವಾಗಿ, ಹೊತ್ತು ಮುಳುಗುವ ಮುಂಚೆ ಬಂದವು. ಅಧಿಕಾರಿ ದಣಿದಿದ್ದ, ಕೆಟ್ಟವನಲ್ಲ. ಹೆಣದ ಮುಂದೆ ಟೊಪ್ಪಿಗೆ ತೆಗೆದು, ಇವನು ಯಾರು ಎಂದು ಕೇಳಿದ.

"ಬರ್ಕೋರಿ, ಕೈದಿ" ಎಂದರು ವಕೀಲರು, ಒಡೆದ ಗಾಜಿನ ಹಿಂದಿನಿಂದ.

"ಯಾರ ಕೈದಿ? ನಾವಂತೂ ಹಿಡಿದಿಲ್ಲವಲ್ಲ."

ಹಿಡಿದವರಿಗೆ ಹಿಡಿಯುವ ಹಕ್ಕಿಲ್ಲ, ಹಕ್ಕಿದ್ದವರು ಹಿಡಿದಿಲ್ಲ. ಹಾಗಾದರೆ ಅವನು ಯಾರ ಕೈದಿಯೂ ಅಲ್ಲ. ಗಲಭೆಯಲ್ಲಿ ಸತ್ತವನು ಎಂದು ಬರೆದುಕೊಂಡು ಹೋದರು.

ಮಣ್ಣಿಗೆ ಒಯ್ಯುವ ಮೊದಲು ದರ್ಜಿ ಮಗನ ಮೈಯಿಂದ ಖಾಕಿ ತೆಗೆದ. ಅಂಗಿಯ ಕೆಳ ಅಂಚನ್ನು ಬೆರಳಲ್ಲಿ ಹಿಡಿದು ನಮಗೆ ತೋರಿಸಿದ. "ಬೆಳೀತಾನ ಅಂತ ಎರಡು ಬೆರಳು ಮಡಚಿ ಬಿಟ್ಟಿದ್ದೆ ನೋಡ್ರಿ, ಒಳಗ." ವಕೀಲರು, "ನನ್ನ ಮಾತು ಕೇಳಿ ಹೀಂಗಾತು" ಎಂದರು. ದರ್ಜಿ ಅಂಗಿ ಮಡಚಿ ಬದಿಗಿಟ್ಟ.

ಆಮೇಲೆ ಬಹುಕಾಲ ಅವನು ವಕೀಲರ ಬಟ್ಟೆ ಹೊಲಿಯಲಿಲ್ಲ. ವಕೀಲರು ಬೇರೆ ದರ್ಜಿಯ ಹತ್ತಿರ ಹೋಗಲೂ ಇಲ್ಲ. ಕರಿ ಕೋಟಿನ ಮೊಳಕೈ ಸವೆದು ಒಳಗಿನ ಅಂಗಿ ಕಾಣತೊಡಗಿತು. ಹೊಸ ಸರ್ಕಾರ ಬಂತು, ಹೊಸ ಮುನ್ಸೀಫರು ಬಂದರು. ವಕೀಲರು ಎಲ್ಲರ ಮುಂದೂ ಅದೇ ಅರ್ಜಿ ಹಿಡಿದು ನಿಂತರು. ಅದು ಗಲಭೆಯ ಸಾವಲ್ಲ, ಆಯುಧ ಒಪ್ಪಿಸಿದವನ ಕೊಲೆ ಎಂದು ಬರೆಯಿರಿ, ಅಷ್ಟೇ. ಹೊಸ ಮುನ್ಸೀಫರು, "ವಕೀಲರೇ, ಇದು ರಾಜಕೀಯ, ನ್ಯಾಯಾಲಯಕ್ಕೆ ಸಂಬಂಧವಿಲ್ಲ" ಎಂದರು. ಊರವರು ಬೆನ್ನ ಹಿಂದೆ, "ಖಾಕಿ ವಕೀಲ" ಎಂದು ಆಡಿಕೊಂಡರು. ಒಮ್ಮೆ ಚಹಾದಂಗಡಿಯಲ್ಲಿ ಒಬ್ಬ ಮುಖದೆದುರೇ ಅಂದ. ವಕೀಲರು ಬಸಿ ಕೆಳಗಿಟ್ಟು, "ಹೌದಪ, ಆ ಖಾಕಿ ನಾನs ತೊಡಸೀನಿ" ಎಂದರು. ಅಂದವನೇ ಎದ್ದು ಹೋದ.

ನಾನು ಕಾಲೇಜು ಮುಗಿಸಿ, ಕಾನೂನು ಓದಿ, ಅವರ ಕೈಕೆಳಗೇ ಸೇರಿದೆ. ಗುಡುಗಿದರೆ ಎದ್ದು ಕೂರುತ್ತಿದ್ದೆ, ಬಾಗಿಲು ಬಡಿದರೆ ಎದೆಯ ಮೇಲೆ ಆ ತಣ್ಣನೆಯ ಉಂಗುರ. ಒಂದೇ ನಿದ್ದೆಯಲ್ಲಿ ಬೆಳಗು ಮಾಡುವುದು ನನಗೆ ಮರೆತೇ ಹೋಗಿತ್ತು. ವಕೀಲರಿಗೂ ಹಾಗೇ ಇತ್ತೆಂದು ಕಾಣುತ್ತದೆ, ಕಣ್ಣು ಸದಾ ಕೆಂಪಗಿರುತ್ತಿದ್ದವು.

ಹೀಗಿರುವಾಗ ಒಂದು ಮುಂಜಾನೆ ಬಾಗಿಲಲ್ಲಿ ಕರಿ ಕಂಬಳಿ ಹೊದ್ದವನೊಬ್ಬ ನಿಂತಿದ್ದ. ಏರಿಯ ಮೇಲಿನವನೇ ಎಂದು ನನಗೆ ಕೂಡಲೇ ಗುರುತು ಹತ್ತಿತು. ವಕೀಲರು ತಲೆಯೆತ್ತಿ ನೋಡಿ, ಎಂದಿನ ಧ್ವನಿಯಲ್ಲೇ ಕೇಳಿದರು.

"ಏನಾಗಿ ಬಂದೀರಿ?"

"ಕಕ್ಷಿದಾರ ಆಗಿ ಬಂದೀನ್ರಿ."

ಶಿಬಿರದಲ್ಲಿದ್ದಾಗ ಸುಂಕದ ಕಟ್ಟೆ ಸುಟ್ಟದ್ದಕ್ಕೆ, ಒಂದು ವಾಡೆಗೆ ನುಗ್ಗಿದ್ದಕ್ಕೆ ಅವನ ಮೇಲೆ ದರೋಡೆಯ ಮೊಕದ್ದಮೆ ಬಿದ್ದಿತ್ತು. ಯಾರ ಸಲುವಾಗಿ ಬಂದೂಕು ಹಿಡಿದಿದ್ದನೋ ಅದೇ ಹೊಸ ಸರ್ಕಾರದ ಪೊಲೀಸರು ಹಾಕಿದ್ದು. ಗೆದ್ದ ಮೇಲೆ ಅವನು ಯಾರಿಗೂ ಏನೂ ಅಲ್ಲವಾಗಿದ್ದ.

"ಕಳ್ಳ ಅಂತ ಬರದಾರ್ರಿ ನನ್ನ. ನಾ ಕಳ್ಳ ಅಲ್ಲ. ಅವತ್ತು ಏರಿ ಮ್ಯಾಲ ನೀವು ಆ ಹುಡುಗನ ಸಲುವಾಗಿ ಹೇಳಿದ್ರಲ್ಲ, ಅದನ್ನs ನನ್ನ ಸಲುವಾಗಿ ಹೇಳ್ರಿ."

ಇಷ್ಟು ಕೆಟ್ಟ ಮಾತನ್ನು, ಇಷ್ಟು ಸರಿಯಾದ ಮಾತನ್ನು ಒಂದೇ ಉಸಿರಲ್ಲಿ ನಾನು ಬೇರೆಲ್ಲೂ ಕೇಳಿಲ್ಲ. ನನಗೆ ಅವನನ್ನು ಹೊರಗೆ ದಬ್ಬಬೇಕೆನಿಸಿತು. ವಕೀಲರು ಎದ್ದು, ಹರಿದ ಕೋಟು ತೊಟ್ಟು, ದರ್ಜಿಯ ಅಂಗಡಿಗೆ ಹೋದರು. ನಾನೂ ಹೋದೆ. ಹುಡುಗ ಸತ್ತ ದಿನದಿಂದ ಅವರು ಆ ಮೆಟ್ಟಿಲು ಹತ್ತಿರಲಿಲ್ಲ.

ವಿಷಯ ಹೇಳಿ, "ನೀ ಬ್ಯಾಡಂದ್ರ ನಾ ಹಿಡಿಯಾಂಗಿಲ್ಲ ಈ ಕೇಸು" ಎಂದರು. ದರ್ಜಿ ಮಿಷನ್ ನಿಲ್ಲಿಸಲಿಲ್ಲ. ಒಂದು ತೋಳು ಪೂರ್ತಿ ಹೊಲಿದ. ದಾರ ಹಲ್ಲಿನಿಂದ ಕಡಿದು ಅಂದ:

"ಅವನ ಬಾಯಿಂದ ನನ್ನ ಮಗನ ಹೆಸರು ಬರಲಿ. ಏನು ಮಾಡಿದ್ರು ಅಂತ ಹೇಳಲಿ, ನನ್ನ ಮುಂದ. ಗಲಭ್ಯಾಗ ಸತ್ತ ಅಂತ ಬರದಾರ. ನನ್ನ ಮಗ ಗಲಭ್ಯಾಗ ಸತ್ತಿಲ್ಲ. ಆಮ್ಯಾಲ ನೀವು ಏನರೆ ಮಾಡ್ಕೋರಿ. ಹಾಳಾಗಿ ಹೋಗ್ರಿ ಇಬ್ರೂ."

ಇದನ್ನು ಕೇಳಿ ಕಂಬಳಿಯವನು ಬಿಳುಚಿದ. "ಹೇಳಿದ್ರ ಅದು ಖೂನಿ ಒಪ್ಪಿಕೊಂಡಂಗ ಆಗ್ತದಲ್ರಿ."

"ಆಗ್ತದ" ಎಂದರು ವಕೀಲರು. "ನಿನ್ನ ವಕೀಲನಾಗಿ ಹೇಳ್ತೀನಿ, ಕೋರ್ಟಿನಾಗ ಹೇಳಬ್ಯಾಡ."

ಅವನು ಬಹಳ ಯೋಚಿಸಿ ಅಂದ: "ಕೋರ್ಟಿನಾಗ ಹೇಳಾಂಗಿಲ್ಲ. ಕಂಬಳಿ ಮ್ಯಾಲ ಹೇಳ್ತೀನಿ."

ವಕೀಲರು ನನ್ನ ಕಡೆ ನೋಡಿದರು. ಗವಾಹಿ ಇಲ್ಲ, ದಫ್ತರ ಇಲ್ಲ, ಅಪೀಲಿಲ್ಲ. "ಆಗಲಿ" ಎಂದರು.

ಅಮಾವಾಸ್ಯೆಯ ಮರುದಿನ ದರ್ಜಿಯ ಅಂಗಳದಲ್ಲಿ ಅವನು ಹೆಗಲ ಕಂಬಳಿ ತೆಗೆದು ಹಾಸಿದ. ಚಪ್ಪಲಿ ಬಿಟ್ಟು ನಾಲ್ವರೂ ಕೂತೆವು. ದರ್ಜಿ ಊರ ಕುರುಬರಿಗೆಲ್ಲ ಅಂಗಿ ಹೊಲಿದವನು, ಕಂಬಳಿಯ ರೀತಿ ಅವನಿಗೆ ಗೊತ್ತಿತ್ತು. ತುದಿಯಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತ. ಕಂಬಳಿ ಹಾಸಿದವನು ಅಂಗೈಯಲ್ಲಿ ಭಂಡಾರ ಹಿಡಿದು ದರ್ಜಿಯ ಮಗನ ಹೆಸರು ಹೇಳಿದ. ಆ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ, ಕಂಬಳಿಯ ಮೇಲೆ ಆಡಿದ್ದು ಅದು. ಉಳಿದದ್ದನ್ನು ಬರೆಯಲೂ ಇಷ್ಟು ವರ್ಷ ಹಿಡಿಯಿತು. ಕೇಳಿದವರಲ್ಲಿ ಈಗ ನಾನೊಬ್ಬನೇ ಉಳಿದಿದ್ದೇನೆ.

"ಗ್ವಾಡಿಗೆ ನಿಲ್ಲಿಸಿದ್ವಿ. ಹೆಸರು ಕೇಳಿದೆ, ಹೇಳಿದ. ದೋರನಹಳ್ಯಾಗ ಇದ್ದೇನೋ ಅಂದೆ. ಇದ್ದೆ ಅಂದ. ನಮ್ಮಣ್ಣನ ಹೊಡದಿ ಏನು ಅಂದೆ. ಇಲ್ಲ, ಎತ್ತು ಹಿಡ್ಕೊಂಡು ನಿಂತಿದ್ದೆ ಅಂದ. ನಿಜಾನೋ ಸುಳ್ಳೋ, ನನಗ ಗೊತ್ತಿಲ್ಲ. ಆಮ್ಯಾಲ ಅವ ಒಂದು ಮಾತು ಕೇಳಿದ."

"ಏನು?" ದರ್ಜಿಯ ಧ್ವನಿ.

"ಅಂಗಿ ಕಳದ್ರ ಬಿಡ್ತೀರೇನು, ಅಂದ."

ವಕೀಲರು ಮುಂದಕ್ಕೆ ಬಾಗಿ ಕೇಳಿದರು.

"ನೀವೇನಂದ್ರಿ?"

"ಏನೂ ಅನ್ನಲಿಲ್ರಿ. ಅವ ಗುಂಡಿ ಬಿಚ್ಚಾಕತ್ತಿದ್ದ. ಮ್ಯಾಲಿಂದು ಒಂದು ಬಿಚ್ಚಿದ್ದ. ನಾನs ಹೊಡದೆ."

ವಕೀಲರು ಕನ್ನಡಕ ತೆಗೆದು ಕಂಬಳಿಯ ಮೇಲಿಟ್ಟರು. ಅವರು ಅಳುವುದನ್ನು ನಾನು ನೋಡಿದ್ದು ಅದೊಂದೇ ಸಲ. ಸದ್ದಿರಲಿಲ್ಲ. ದರ್ಜಿ ಕೈ ಎತ್ತಲಿಲ್ಲ, ಕಂಬಳಿಯ ಮೇಲೆ ಎತ್ತುವಂತಿಲ್ಲ. ಅವನ ಬೆರಳುಗಳು ಮಾತ್ರ ಕಂಬಳಿಯ ಅಂಚನ್ನು ಮಡಚುತ್ತ, ಬಿಚ್ಚುತ್ತ, ಮಡಚುತ್ತ ಇದ್ದವು. ಆಮೇಲೆ, "ಎದ್ದು ಹೋಗು" ಎಂದ. ಅವನು ಹೋದ.

ವಕೀಲರು ಆ ಕೇಸು ನಡೆಸಿದರು. ಜೀವಮಾನದಲ್ಲಿ ಅಷ್ಟು ಓದಿ ಬೇರೆ ಯಾವ ಕೇಸಿಗೂ ಹೋಗಿರಲಿಲ್ಲ. ರಾಜ್ಯದ ಹುಕುಮಿಲ್ಲದೆ ಬಂದೂಕು ಹಿಡಿದವರೆಲ್ಲ ಕಳ್ಳರಲ್ಲ, ಹಾಗೆಂದು ಅವರಿಗೆ ಎಲ್ಲವೂ ಮಾಫಿಯೂ ಅಲ್ಲ, ಲಡಾಯಿಗೆ ಇಳಿದವನಿಗೆ ಲಡಾಯಿಯ ಹಕ್ಕೂ ಇದೆ, ಕಟ್ಟೂ ಇದೆ, ಅದು ಎರಡೂ ಕಡೆಯವರಿಗೆ ಒಂದೇ ಇರಬೇಕು ಎಂದು ಹೇಳಲು ಕಲಬುರಗಿಯ ಸೆಷನ್ಸ್ ಕೋರ್ಟಿನಲ್ಲಿ ನಿಂತರು. ಹೇಳುವುದು ಅರ್ಧ ಆಗಿತ್ತು. ಸರ್ಕಾರ ಇಂಥ ಮೊಕದ್ದಮೆಗಳನ್ನು ವಾಪಸು ತೆಗೆದುಕೊಂಡಿದೆ ಎಂದು ಸರ್ಕಾರಿ ವಕೀಲರು ಎದ್ದು ತಿಳಿಸಿದರು. "ಹಾಗಾದರೆ ಈ ಪ್ರಶ್ನೆ ಉದ್ಭವಿಸುವುದಿಲ್ಲ" ಎಂದರು ನ್ಯಾಯಾಧೀಶರು. ಕಕ್ಷಿದಾರ ಬಿಡುಗಡೆಯಾದ. ವಕೀಲರು ಪುಸ್ತಕವನ್ನು ಕೆಂಪು ಬಟ್ಟೆಯಲ್ಲಿ ಕಟ್ಟುತ್ತ, "ಉದ್ಭವಿಸೂದಿಲ್ಲಂತ. ಹೂತಿದ್ದು ಹ್ಯಾಂಗ ಉದ್ಭವಿಸ್ತದ" ಎಂದರು.

ಅದಾದ ಸ್ವಲ್ಪ ದಿನಕ್ಕೆ ದರ್ಜಿ ಕರೆಯದೆಯೇ ಅಳತೆಯ ಟೇಪು ಹಿಡಿದು ವಕೀಲರ ಮನೆಗೆ ಬಂದ. "ನಿಂದರ್ರಿ. ಹರದ ಕೋಟು ತೊಟ್ಟು ತಿರಗಾಕತ್ತೀರಿ, ಓಣಿ ಮಾನ ಹೋಗ್ತದ" ಎಂದು ಗದರಿದ. ಹೊಸ ಕೋಟು ತಂದುಕೊಟ್ಟಾಗ ವಕೀಲರು ಒಳಗೆ ಕೈಹಾಕಿ ನೋಡಿದರು. ಕೆಳ ಅಂಚಿನಲ್ಲಿ, ತೋಳಿನ ತುದಿಯಲ್ಲಿ ಎರಡೆರಡು ಬೆರಳು ಬಟ್ಟೆ ಮಡಚಿ ಬಿಟ್ಟಿತ್ತು.

"ಈ ವಯಸ್ಸಿನಾಗ ನಾ ಇನ್ನ ಬೆಳೀತೀನೇನೋ?"

"ಇರಲಿ ಬಿಡ್ರಿ. ಕೈ ರೂಢಿ."

ಇಬ್ಬರೂ ನಗಲಿಲ್ಲ.

ಆ ಕೋಟನ್ನು ಅವರು ತೊಟ್ಟದ್ದು ಎರಡೇ ಚಳಿಗಾಲ. ಎದೆನೋವು ಬಂದು ಮಲಗಿದರು. ಕೊನೆಯ ವಾರ ನಾನು ಹೋದಾಗ ಕಣ್ಣು ತೆರೆದು, ತುಟಿಯಲ್ಲೇ, "ಏನಾಗಿ ಬಂದೀಯೋ?" ಎಂದರು. ನಾನು ಜ್ಯೂನಿಯರಾಗಿಯೋ ಪಕ್ಕದ ಮನೆಯವನಾಗಿಯೋ ಗೊತ್ತಾಗದೆ ಸುಮ್ಮನೆ ಅವರ ಕಾಲ ಹತ್ತಿರ ಕೂತೆ. ಅವರಿಗೆ ಅದು ಸಾಕಾಯಿತೆಂದು ಕಾಣುತ್ತದೆ. ಮುಂದೆ ಕೇಳಲಿಲ್ಲ. ಹೆಣಕ್ಕೆ ಹೆಗಲು ಕೊಟ್ಟವರಲ್ಲಿ ದರ್ಜಿಯೂ ಇದ್ದ. ಊರಲ್ಲಿ ಅದರ ಬಗ್ಗೆಯೂ ಮಾತಾಯಿತು.

ಕೋಟನ್ನು ಅವರ ಹೆಂಡತಿ ನನಗೆ ಕೊಟ್ಟರು. ನಾನು ಎತ್ತರ, ಅದು ಗಿಡ್ಡ. ದರ್ಜಿಯ ಹತ್ತಿರ ಒಯ್ದೆ. ಅವನು ಏನೂ ಕೇಳದೆ, ಬ್ಲೇಡಿನಿಂದ ಒಂದೊಂದೇ ಹೊಲಿಗೆ ಬಿಚ್ಚಿ, ಮಡಚಿಟ್ಟ ಎರಡು ಬೆರಳು ಬಟ್ಟೆಯನ್ನು ಇಳಿಸಿದ. ಇಳಿಸಿದ ಕಡೆ ಬಣ್ಣ ಇನ್ನೂ ಕಡುಕಪ್ಪಾಗಿತ್ತು. ಹಾಕಿಕೊಂಡಾಗ ಸರಿಯಾಗಿ ಕೂತಿತು. ಅವನು ದೂರ ನಿಂತು ನೋಡಿ, ಮೇಲಿನ ಗುಂಡಿ ತಾನೇ ಹಾಕಿದ.

ಮರುದಿನ ಅದನ್ನು ತೊಟ್ಟು ಕೋರ್ಟಿಗೆ ಹೋದೆ. ವಡಗೇರಾ ಕಡೆಯ ಒಬ್ಬನನ್ನು ಊರವರೇ ಕಟ್ಟಿ ಹೊಡೆದು ತಂದು ಒಪ್ಪಿಸಿದ್ದರು, ಅವನ ಪರ ಯಾರೂ ನಿಂತಿರಲಿಲ್ಲ. ನಾನು ಎದ್ದು, ಇವನನ್ನು ಹಿಡಿದವರು ಏನಾಗಿ ಹಿಡಿದರು, ಹೊಡೆದವರು ಏನಾಗಿ ಹೊಡೆದರು ಎಂದು ಕೇಳಿದೆ. ಮುನ್ಸೀಫರು ತಲೆಯೆತ್ತಿ ನೋಡಿ, ಪ್ರಶ್ನೆಯನ್ನು ಬರೆದುಕೊಂಡರು.

ಮನೆಗೆ ಬಂದು ಕೋಟನ್ನು ಗೂಟಕ್ಕೆ ಹಾಕಿ, ಉಂಡು ಮಲಗಿದೆ. ಆ ರಾತ್ರಿ ಗುಡುಗಿತಂತೆ, ಮಳೆಯೂ ಬಂತಂತೆ. ಬೆಳಿಗ್ಗೆ ಅವ್ವ ಹೇಳಿದಳು. ನನಗೆ ಗೊತ್ತಾಗಲಿಲ್ಲ.